ಇಂದಿನ ಚಿಂತನೆ: ಗ್ರೂಪ್ ಫೋಟೋದಲ್ಲಿ ಇಲ್ಲದವರು



ಮೈಸೂರಿನ ಪ್ರೌಢಶಾಲೆಗಳಲ್ಲಿ ಈಗ ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆ. ಎಂಟರಿಂದ ಹತ್ತರವರೆಗೆ 3 ವರ್ಷ ಜೊತೆಗೆ ಕೂತವರು ಫೋಟೋ ತೆಗೆಸಿಕೊಂಡು ಅಳುತ್ತಾರೆ. ಎಲ್ಲವೂ ಅನಿತ್ಯವೆಂದು ತಿಳಿದ ಮೇಲೆ ಈ ಅಳು ಮೋಹವಲ್ಲವೇ?

ಒಳ್ಳೆಯ ಗೆಳೆತನ ಧರ್ಮಜೀವನದ ಅರ್ಧಭಾಗ ಎಂದ ಆನಂದನನ್ನು ಭಗವಾನ್ ಬುದ್ಧರು ತಿದ್ದಿದರು: ಅರ್ಧವಲ್ಲ, ಅದೇ ಪೂರ್ತಿ. ಸಂಯುತ್ತ ನಿಕಾಯದ ಉಪಡ್ಢ ಸುತ್ತದಲ್ಲಿ ಈ ಮಾತು ಬರುತ್ತದೆ. ಹಾಗಾಗಿ ಗೆಳೆಯರನ್ನು ನೆನೆಯುವುದು ತಪ್ಪಲ್ಲ. ಯಾರನ್ನು ನೆನೆಯುತ್ತೇವೆ ಎಂಬುದು ಮುಖ್ಯ.

ಎಂಟರಲ್ಲಿ ಪಕ್ಕದಲ್ಲೇ ಕೂತಿದ್ದು, ಒಂಬತ್ತರಲ್ಲಿ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗ ಈ ಫೋಟೋದಲ್ಲಿಲ್ಲ. ನಮ್ಮ ಸಂತೋಷದ ದಿನಗಳನ್ನಷ್ಟೇ ಹಿಡಿದುಕೊಂಡರೆ ಮೋಹ. ಅವನನ್ನೂ ಹುಡುಕಿಕೊಂಡು ಹೋದರೆ ಮೈತ್ರಿ.

ಮನೆಯಲ್ಲಿ ಹತ್ತನೇ ತರಗತಿಯ ಮಗುವಿದ್ದರೆ ಇಂದು ಕೇಳಿ: ಫೋಟೋದಲ್ಲಿ ಯಾರು ಇಲ್ಲ?

ಭವತು ಸಬ್ಬ ಮಂಗಲಂ 🪷