ಕಾಯಕವೂ ಬರವಣಿಗೆಯೂ

ಭಾಷೆಯು ಒಂದೇ ಆಗಿದ್ದರೂ ಅದನ್ನು ಬಳಸುವ ಕೈಗಳು ಹಲವು. ಒಕ್ಕಲಿಗನ ನುಡಿಯಲ್ಲಿ ಹದ, ಬೆದೆ, ಕಳೆ ಎಂಬ ಮಾತುಗಳು ಸುಳಿಯುವುವು. ವೈದ್ಯನ ನುಡಿಯಲ್ಲಿ ನಾಡಿ, ಪಥ್ಯ, ಅನುಪಾನ. ವರ್ತಕನ ನುಡಿಯಲ್ಲಿ ತೂಕ, ಲಾಭ, ಬಾಕಿ. ವಿದ್ಯಾರ್ಥಿಯಾದವನು ಬೇರೆ ಬೇರೆ ವೃತ್ತಿಗಳವರ ಬರವಣಿಗೆಯನ್ನು ಓದಿ ಕಲಿಯತಕ್ಕದ್ದೇನು? ಶಬ್ದಸಂಪತ್ತು ಬೆಳೆಯುವುದೆಂಬುದು ಎಲ್ಲರೂ ಕೊಡುವ ಉತ್ತರ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೆ ಒಂದು ನಿಘಂಟು ಸಾಕು. ನಿಘಂಟು ಕಲಿಸದ ಪಾಠವೊಂದು ಇದರಲ್ಲಿದೆ. ಅದು ಶೀಲಕ್ಕೆ ಸಂಬಂಧಿಸಿದುದು.

ಈ ಪಾಠವನ್ನು ಕಲಿಯಲು ಕನ್ನಡಿಗನು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನಕ್ಕೆ ಮೊದಲು ನಮ್ಮ ನಾಡಿನ ಕಾವ್ಯವು ಬಹುಮಟ್ಟಿಗೆ ಅರಮನೆಯ ಮತ್ತು ಬಸದಿಯ ಆಶ್ರಯದಲ್ಲಿ ಬೆಳೆಯಿತು. ಶರಣರ ಕಾಲದಲ್ಲಿ ದೋಣಿ ನಡೆಸುವ ಚೌಡಯ್ಯನವರು, ಹಗ್ಗ ಹೊಸೆಯುವ ಚಂದಯ್ಯನವರು, ದನ ಕಾಯುವ ರಾಮಣ್ಣನವರು, ಸುಂಕದ ಬಂಕಣ್ಣನವರು, ವೈದ್ಯ ಸಂಗಣ್ಣನವರು, ಒಕ್ಕಲಿಗ ಮುದ್ದಣ್ಣನವರು ವಚನಕಾರರಾದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡವೋಲೆಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸಾಕ್ಷ್ಯವಿಲ್ಲದೆ ವಾದವಿಲ್ಲವೆಂಬುದು ವಕೀಲರ ವೃತ್ತಿಯ ನಿಯಮವಲ್ಲವೆ? ಆ ನಿಯಮವೇ ಇಲ್ಲಿ ಸಾಹಿತ್ಯಸೇವೆಯಾಯಿತು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದ ಮೇಲಂತೂ ಇಷ್ಟೆಲ್ಲ ಕಾಯಕಗಳ ನುಡಿ ಸಾಮಾನ್ಯ ಓದುಗನಿಗೂ ಎಟುಕುವಂತಾಯಿತು.

ಇವರು ತಮ್ಮ ಕಾಯಕದ ಮಾತನ್ನು ಬಳಸಿದ ರೀತಿಯನ್ನು ನೋಡಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಎಳ್ಳಷ್ಟು ಚಿನ್ನವನ್ನಾಗಲಿ ನೂಲಿನ ಎಳೆಯೊಂದನ್ನಾಗಲಿ ನಾಳೆಗೆಂದು ಬಯಸೆನೆಂದು ಅವರು ಆಣೆಯಿಡುವಾಗ, ಲೆಕ್ಕದ ಅತಿ ಸಣ್ಣ ಅಳತೆಯನ್ನೇ ತಮ್ಮ ಮೇಲೆ ಹಿಡಿದುಕೊಳ್ಳುವರು. ಆಯ್ದಕ್ಕಿ ಲಕ್ಕಮ್ಮನವರ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆಸೆಯು ಅರಸರಿಗೆ ತಕ್ಕುದೇ ಹೊರತು ಶಿವಭಕ್ತರಿಗಲ್ಲವೆಂದು ಹೇಳಿ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಕಳುಹಿದರು. ಸೂಳೆ ಸಂಕವ್ವೆಯವರದೆಂದು ದೊರೆತಿರುವ ವಚನ ಒಂದೇ. ಒಬ್ಬನಿಂದ ಒತ್ತೆಯನ್ನು ಪಡೆದ ಮೇಲೆ ಇನ್ನೊಬ್ಬನಿಂದ ಪಡೆಯಲಾಗದು, ಪಡೆದರೆ ಘೋರ ಶಿಕ್ಷೆ ತಪ್ಪದು ಎಂಬ ವೃತ್ತಿಯ ಕಟ್ಟಳೆಯಿಂದಲೇ ಅವರು ಲಿಂಗನಿಷ್ಠೆಯನ್ನು ಸಾರಿದರು. ಲೋಕವು ಹಳಿದ ಬಾಳಿನೊಳಗೂ ಕೊಟ್ಟ ಮಾತಿಗೆ ಬೆಲೆಯಿತ್ತೆಂಬುದನ್ನು ಆ ಒಂದು ವಚನ ತೋರಿಸಿತು. ಅನೇಕ ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಅಂಬಿಗರ ಚೌಡಯ್ಯನವರು ಕಾಯಕದೊಡನೆ ತಮ್ಮ ಹೆಸರನ್ನೇ ಇಟ್ಟರು. ಆಡಿದ ಮಾತಿಗೆ ಆಡಿದವನೇ ಹೊಣೆಯೆಂಬ ಭಾವ ಇದರಲ್ಲಿ ತೋರುವುದು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ದೋಣಿ, ತಕ್ಕಡಿ, ಔಷಧಿ ಎಂಬಿವು ಬರಿಯ ಉಪಮಾನಗಳಲ್ಲವೆ? ಯಾರು ಬೇಕಾದರೂ ಅವುಗಳನ್ನು ಎರವಲು ತಂದು ಬಳಸಬಹುದಲ್ಲವೆ? ಬಳಸಬಹುದು, ನಿಜ. ಆದರೆ ಎರವಲು ತಂದವನಿಗೆ ಶಬ್ದ ದೊರೆಯುವುದೇ ಹೊರತು ಅದರ ಹೊಣೆ ದೊರೆಯದು. ಹರಿಹರದ ಸೇತುವೆಯ ಮೇಲೆ ಬಸ್ಸಿನಲ್ಲಿ ಕುಳಿತು ತುಂಗಭದ್ರೆಯನ್ನು ಗಳಿಗೆಯಲ್ಲಿ ದಾಟುವವನಿಗೆ ನಡುಹೊಳೆ ಎಂಬುದು ಒಂದು ಮಾತು ಮಾತ್ರ. ತುಂಬಿದ ಹೊಳೆಯಲ್ಲಿ ಹುಟ್ಟು ಹಾಕುವವನಿಗೆ ಅದು ಹತ್ತು ಜನರ ಪ್ರಾಣ. ಹಾಗೆಂದು ವೃತ್ತಿಯು ತಾನಾಗಿಯೇ ಯಾರನ್ನೂ ಪವಿತ್ರಗೊಳಿಸುವುದಿಲ್ಲ. ತಕ್ಕಡಿ ಹಿಡಿದ ಕೈಯೇ ತೂಕದಲ್ಲಿ ಮೋಸ ಮಾಡುವುದೂ ಉಂಟು. ತಮ್ಮ ವೃತ್ತಿಯ ನಿಯಮವನ್ನು ಇತರರಿಗೆ ಬೋಧಿಸುವ ಮೊದಲು ತಮಗೇ ಅನ್ವಯಿಸಿಕೊಂಡುದರಲ್ಲಿ ಶರಣರ ಹಿರಿಮೆಯಿದೆ.

ಆದುದರಿಂದ ವಿದ್ಯಾರ್ಥಿಯು ಯಾವ ವೃತ್ತಿಯ ಬರಹವನ್ನು ಓದಿದರೂ ಕೇಳಬೇಕಾದ ಪ್ರಶ್ನೆ ಒಂದುಂಟು: ಈ ಮಾತು ಸುಳ್ಳಾದರೆ ಕೆಡುವುದೇನು? ದಾವಣಗೆರೆ ಮತ್ತು ಚಿತ್ರದುರ್ಗಗಳ ನಡುವಣ ಹೆದ್ದಾರಿಯಲ್ಲಿರುವ ಆನಗೋಡಿನ ಹುಡುಗನಿಗೆ ಈ ಪ್ರಶ್ನೆಯನ್ನು ಕೇಳಲು ಗ್ರಂಥಭಂಡಾರವೇ ಬೇಕೆಂದಿಲ್ಲ. ಮೆಕ್ಕೆಜೋಳ ಮಾರಿ ಬಂದ ತಂದೆಯ ಕಿಸೆಯಲ್ಲಿ ದಲ್ಲಾಳಿ ಅಂಗಡಿಯ ಚೀಟಿಯಿರುತ್ತದೆ. ಅದರಲ್ಲಿ ಒಂದು ಅಂಕಿ ಸುಳ್ಳಾದರೆ ಒಂದು ವರ್ಷದ ದುಡಿಮೆ ಕೆಡುವುದು. ಅಜ್ಜಿಯ ದಿಂಬಿನ ಕೆಳಗೆ ವೈದ್ಯರ ಚೀಟಿಯಿರುತ್ತದೆ. ಅದರಲ್ಲಿ ಒಂದಕ್ಷರ ತಪ್ಪಿದರೆ ಪ್ರಾಣಕ್ಕೆ ಸಂಚಕಾರ. ಹೊಲದ ವ್ಯಾಜ್ಯದ ಕಾಗದದಲ್ಲಿ ಚೆಕ್ಕುಬಂದಿ ತಪ್ಪಾದರೆ ಅಣ್ಣತಮ್ಮಂದಿರ ಸಂಬಂಧವೇ ಕಡಿಯುವುದು. ಈ ಮೂರು ಕಾಗದಗಳಲ್ಲಿ ಅಲಂಕಾರವಿಲ್ಲ, ಸಮಾಸಗಳ ಮೆರವಣಿಗೆಯಿಲ್ಲ. ಆದರೂ ಅವುಗಳ ಒಂದೊಂದು ಮಾತಿಗೂ ಹೊಣೆಗಾರನಿರುವನು.

ಈಗ ಅದೇ ಹುಡುಗನು ಪರೀಕ್ಷೆಗೆಂದು ರೈತನ ಮೇಲೆ ಬರೆದ ಪ್ರಬಂಧವನ್ನು ನೋಡಿರಿ. ರೈತನು ದೇಶದ ಬೆನ್ನೆಲುಬು ಎಂದು ಮೊದಲಾಗಿ ನಾಲ್ಕು ಪುಟ ತುಂಬುವುದು. ಈ ಸಲ ಬೀಜಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಕ್ವಿಂಟಲ್ ಬಂದಿತು, ಸಾಲದಲ್ಲಿ ತೀರಿದುದೆಷ್ಟು ಎಂದು ಅವನು ಮನೆಯಲ್ಲಿ ಕೇಳಿರುವುದಿಲ್ಲ. ಕೇಳಲು ನಾಚಿಕೆ, ತಂದೆಯ ಮಾತು ಬರೆಯಲು ತಕ್ಕುದಲ್ಲವೆಂಬ ಭಾವನೆ. ಆ ಪ್ರಬಂಧ ಸುಳ್ಳಾದರೆ ಕೆಡುವುದೇನು? ಮೇಲುನೋಟಕ್ಕೆ ಏನೂ ಇಲ್ಲ, ಅಂಕಗಳೂ ಬಂದಾವು. ಅಪಾಯವಿರುವುದು ಅಲ್ಲಿಯೇ. ಅಂಬಿಗನ ತಪ್ಪನ್ನು ಹೊಳೆಯೇ ತೋರಿಸುವುದು, ವೈದ್ಯನ ತಪ್ಪನ್ನು ರೋಗಿಯ ದೇಹವೇ ತೋರಿಸುವುದು. ಬರಿದೆ ಬರೆಯುವವನ ತಪ್ಪನ್ನು ತೋರಿಸುವವರಿಲ್ಲ. ಹೊಣೆಯಿಲ್ಲದ ಮಾತನ್ನು ಬರೆದು ಬರೆದು, ಕೊನೆಗೆ ಕೆಡುವುದು ಬರೆದವನ ಮನಸ್ಸು.

ಕೃತಿಗೂ ಕೊಟ್ಟ ಮಾತಿಗೂ ವಚನವೆಂಬುದು ಒಂದೇ ಹೆಸರು. ಬರೆದುದು ಬಾಳಿನ ಕರಾರೆಂದು ತಿಳಿದವನೇ ವಚನದ ಅರ್ಥವನ್ನು ಬಲ್ಲವನು. ಮಕ್ಕಳು ಓದಿ ಹೊಲ ಬಿಟ್ಟು ಬೇರೆ ಉದ್ಯೋಗ ಹಿಡಿಯುವುದರಲ್ಲಿ ದೋಷವಿಲ್ಲ. ಮನೆಯ ಕಾಯಕದ ನುಡಿಯನ್ನು ಹೀನವೆಂದೆಣಿಸಿ ಬಿಡುವುದರಲ್ಲಿ ದೋಷವಿದೆ. ಸದ್ಗೃಹಸ್ಥರು ವಾರಕ್ಕೊಮ್ಮೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮನೆಯ ಲೆಕ್ಕವನ್ನು ಅವರ ಕೈಯಿಂದಲೇ ಬರೆಯಿಸಲಿ. ಬಿತ್ತನೆಯ ಹದವನ್ನೋ ಮಗ್ಗದ ಕೆಲಸವನ್ನೋ ಅಡುಗೆಯ ಕ್ರಮವನ್ನೋ ಮಾಡುವವರಿಂದ ಕೇಳಿ ಇದ್ದುದಿದ್ದಂತೆ ಬರೆಯುವಂತೆ ಹೇಳಲಿ. ಬರೆದುದನ್ನು ಆ ಕೆಲಸ ಬಲ್ಲವರ ಮುಂದೆಯೇ ಓದಿಸಲಿ. ತಪ್ಪಿದ್ದರೆ ಅವರು ಒಡನೆಯೇ ತಿದ್ದುವರು. ಹಾಗೆ ತಿದ್ದಿಸಿಕೊಂಡು ಬೆಳೆದ ಕೈಯು ಮುಂದೆ ಯಾವ ಉದ್ಯೋಗದಲ್ಲಿ ಲೇಖನಿ ಹಿಡಿದರೂ ಬರೆಯುವ ಮುನ್ನ ಒಂದು ಕ್ಷಣ ನಿಂತು, ಇದು ಸುಳ್ಳಾದರೆ ಕೆಡುವುದೇನೆಂದು ಯೋಚಿಸುವುದು.