ಕಾಯ್ದಿಡುವುದು ಮತ್ತು ಉಳಿಸುವುದು

ಒಂದು ವಸ್ತುವನ್ನು ಕಾಯ್ದಿಟ್ಟ ಮಾತ್ರಕ್ಕೆ ಅದು ಉಳಿಯಿತೆಂದು ಹೇಳಬಹುದೆ? ಊರ ಅಗಸೆಯಲ್ಲಿ ಎಣ್ಣೆ-ಕುಂಕುಮ ಕಾಣುತ್ತಿದ್ದ ವೀರಗಲ್ಲನ್ನು ರಕ್ಷಣೆಗಾಗಿ ತಂದು ಉಗ್ರಾಣದ ಮೂಲೆಯಲ್ಲಿ ನಿಲ್ಲಿಸಿದರೆ ಕಲ್ಲೇನೋ ಉಳಿದೀತು. ಅದು ಯಾವ ಊರಿನದು, ಎಲ್ಲಿ ನಿಂತಿತ್ತು, ಜನರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬರೆದಿಡದಿದ್ದರೆ ಅದು ಮೂಕವಾಗುತ್ತದೆ.

ನಮ್ಮ ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. ಆರ್. ಎಸ್. ಪಂಚಮುಖಿಯವರಂಥ ವಿದ್ವಾಂಸರು ಶಾಸನ, ಶಿಲ್ಪ, ತಾಡವೋಲೆಗಳಿಗಾಗಿ ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಆ ತಲೆಮಾರಿನವರು ಅರಸಿ ತರದಿದ್ದರೆ ಎಷ್ಟೋ ಕಲ್ಲುಗಳು ಹೊಲದ ಒಡ್ಡಿಗೆ, ಬಾವಿಯ ಮೆಟ್ಟಿಲಿಗೆ ಸಂದುಹೋಗುತ್ತಿದ್ದವು. ಆದರೆ ತಂದವರ ಮೇಲೆ ಕೊಟ್ಟ ಊರಿನ ಋಣವೊಂದು ಕೂಡುತ್ತದೆ. ನಾಡಿನ ವಸ್ತುಸಂಗ್ರಹಾಲಯಗಳು ಅದನ್ನಿನ್ನೂ ತೀರಿಸಬೇಕಾಗಿದೆ.

ತೀರಿಸುವ ಬಗೆಯನ್ನು ಫ. ಗು. ಹಳಕಟ್ಟಿಯವರು ತೋರಿಸಿದ್ದಾರೆ. ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದರೂ ಓದಿಸಿಕೊಳ್ಳದಿದ್ದ ಓಲೆಗಟ್ಟುಗಳನ್ನು ಮನೆಮನೆಗಳಿಂದ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, ಪಡೆದುದನ್ನು ಅಚ್ಚಿನ ಮೂಲಕ ಸಮಾಜಕ್ಕೇ ಹಿಂದಿರುಗಿಸಿದರು. ಪೂಜೆಯೂ ಒಂದು ಬಗೆಯ ಉಪೇಕ್ಷೆಯಾಗಬಲ್ಲದೆಂಬ ಕಹಿಮಾತನ್ನು ಮಠದವರಾದ ನಾವೇ ಹೇಳಬೇಕು.

ಓಲೆಯನ್ನು ಅಚ್ಚುಹಾಕಿಸಬಹುದು, ಕಲ್ಲನ್ನು ಹಿಂದಿರುಗಿಸುವುದು ಹೇಗೆ? ಜನರನ್ನೇ ಅದರ ಬಳಿಗೆ ಕರೆಯಬೇಕು. ತಜ್ಞರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಧೂಳೊರಸಿ, ಅಳೆದು, ಚಿತ್ರ ತೆಗೆದು, ಸಂಖ್ಯೆ ಕೊಟ್ಟು ದಾಖಲೆ ಬರೆಯಲಿ. ಆಯಾ ಊರಿನ ಹಿರಿಯರು ಬಂದು ನೋಡಲಿ. ‘ಇದು ನಮ್ಮ ಹಣಮಪ್ಪನ ಗುಡಿಯ ಹಿಂದಿದ್ದ ಕಲ್ಲು’ ಎಂದು ಅವರಲ್ಲೊಬ್ಬರು ಗುರುತಿಸಿದರೆ, ಅಂಥ ಮಾಹಿತಿ ಬೇರೆ ಯಾವ ಗ್ರಂಥದಲ್ಲಿಯೂ ದೊರೆಯದು.

ಗದಗಿನ ಬಳಿಯ ಲಕ್ಕುಂಡಿಯಲ್ಲಿ 2024ರ ನವೆಂಬರಿನಲ್ಲಿ ಪ್ರಾಚ್ಯಾವಶೇಷಗಳನ್ನು ಸಂಗ್ರಹಿಸುವ ಅಭಿಯಾನ ನಡೆದಾಗ ಊರವರೂ ಕೈಗೂಡಿಸಿದರು. ಹಾಗೆ ಕೊಟ್ಟವರ ಮಕ್ಕಳು ನಾಳೆ ಸಂಗ್ರಹಾಲಯದ ಬಾಗಿಲಲ್ಲಿ ಪರಕೀಯರಾಗಬಾರದು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರದು!

ಬಾಗಿಲು ತೆರೆದರೆ ಕಳವು ಹೆಚ್ಚೀತೆಂದು ಕೆಲವರು ಶಂಕಿಸುತ್ತಾರೆ. ಮೂರ್ತಿಯ ಬೆಲೆ ಕಳ್ಳನಿಗೆ ಮೊದಲೇ ಗೊತ್ತು. ಗೊತ್ತಿಲ್ಲದವರು ಅದರ ಊರಿನವರು. ಚಿತ್ರವೂ ಸಂಖ್ಯೆಯೂ ಇಲ್ಲದ ಶಿಲ್ಪ ಕಳೆದರೆ, ಕಳೆದುದೇ ತಿಳಿಯದು.

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಹಳ್ಳಿಗಳ ಶಿಕ್ಷಕರು ಅನೇಕರಿದ್ದಾರೆ. ತಮ್ಮ ಊರಿನ ಕಲ್ಲು ಬಂಡಿಯೇರಿ ಹೋದುದನ್ನು ಬಾಲ್ಯದಲ್ಲಿ ಕಂಡವರು ಈಗ ಎಂಬತ್ತು ದಾಟಿದ ಮುದುಕರು. ಬರುವ ಬೇಸಿಗೆಯ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸವನ್ನು ಈ ಶಿಕ್ಷಕರು ಆರಂಭಿಸಲಿ. ಉಗ್ರಾಣದ ಕೀಲಿಯನ್ನು ಆಮೇಲೆ ಕೇಳೋಣ.