ಗುಂಡಿಯ ಮಗ್ಗ, ಕುರ್ಚಿಯ ಕೆಲಸ

"ಫಾದರ್, ನಾನಂತೂ ಮಗ್ಗದ ಗುಂಡೀಲೇ ಸವೆದೆ. ನನ್ನ ಮಗ ಮಾತ್ರ ಅಲ್ಲಿಗೆ ಇಳಿಯಬಾರದು. ಕಂಪ್ಯೂಟರ್ ಕಲಿತು ಕುರ್ಚಿ ಮೇಲೆ ಕೂರಲಿ" ಎಂದರು ಮೊಳಕಾಲ್ಮೂರಿನ ನೇಕಾರರೊಬ್ಬರು. ತಂದೆಯ ಈ ಆಸೆಯಲ್ಲಿ ತಪ್ಪೇನಿದೆ? ಮೊಳಕಾಲ್ಮೂರು ಸೀರೆಯ ಹೆಸರು ನಾಡಿಗೇ ಗೊತ್ತು. ನೇಯ್ದವನ ಬೆನ್ನುನೋವು ಮನೆಯವರಿಗಷ್ಟೇ ಗೊತ್ತು. ಆದರೆ ಪಕ್ಕದಲ್ಲಿದ್ದ ಹುಡುಗ ತಲೆ ತಗ್ಗಿಸಿದ್ದ. ಅಪ್ಪನ ಕಸುಬು ನಾಚಿಕೆಯದು ಎಂಬ ಪಾಠವನ್ನು ಅವನು ಆಗಲೇ ಕಲಿತಿದ್ದ. ಕಲಿಸಿದವರು ನಾವೇ. "ಓದದಿದ್ದರೆ ಕೂಲಿಯೇ ಗತಿ" ಎಂದು ಮಕ್ಕಳನ್ನು ಹೆದರಿಸಿದವರಲ್ಲಿ ನಾನೂ ಒಬ್ಬ.

ಕಾಲ ಬದಲಾಗಿದೆ, ನಿಜ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ದನಕುರಿ ಮೇಯುತ್ತಿದ್ದ ಕಾವಲಿನಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅಲ್ಲಿ ಶಾಲಾ ಶಿಕ್ಷಕರಿಗೂ ತರಬೇತಿ ನಡೆಯುತ್ತದೆ. ಅದೇ ಸೀಮೆಯ ವಿಮಾನ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ವಾಹನವೊಂದು, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಕಳಚಿಕೊಂಡು, ಚಾಲಕನಿಲ್ಲದೆ ತಾನಾಗಿ ನೆಲಕ್ಕಿಳಿಯಿತು. ಇಂಥ ಕಾಲಕ್ಕೆ ಮಕ್ಕಳನ್ನು ಅಣಿಗೊಳಿಸದಿದ್ದರೆ, ಶುಭಸಂದೇಶದ ಆ ಸೋಮಾರಿ ಸೇವಕನಂತೆ ಯಜಮಾನ ಕೊಟ್ಟ ಹಣವನ್ನು ನಾವೂ ಮಣ್ಣಲ್ಲಿ ಹೂತಿಟ್ಟಂತೆ.

ಆದರೆ ಯಾವುದಕ್ಕೆ ಅಣಿಗೊಳಿಸಬೇಕು? ಸಂತ ಥಾಮಸ್ ಅಕ್ವಿನಾಸರು ಕೌಶಲವನ್ನೂ ವಿವೇಕವನ್ನೂ ಬೇರೆಬೇರೆಯಾಗಿ ಕಂಡರು. ವಸ್ತುವನ್ನು ಚೆನ್ನಾಗಿ ಮಾಡುವುದು ಕೌಶಲ. ಬದುಕಿನಲ್ಲಿ ಸರಿಯಾಗಿ ನಡೆಯುವುದು ವಿವೇಕ. ಕೌಶಲ ಕಾಲಕಾಲಕ್ಕೆ ಬದಲಾಗುತ್ತದೆ, ಯಂತ್ರವೂ ಅದನ್ನು ಕಲಿತೀತು. ವಿವೇಕವನ್ನು ಯಂತ್ರಕ್ಕೆ ಒಪ್ಪಿಸಲಾಗದು. ಕೆಲಸವಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲ ಎಂದು ಜಗದ್ಗುರು ಎರಡನೇ ಜಾನ್ ಪಾಲರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದೂ ಇದಕ್ಕಾಗಿಯೇ.

ಎಳೆ ಕಡಿದೊಡನೆ ನೇಕಾರ ಲಾಳಿ ನಿಲ್ಲಿಸಿ ಗಂಟು ಹಾಕುತ್ತಾನೆ, ಯಾರೂ ನೋಡದಿದ್ದರೂ. ಆ ಪ್ರಾಮಾಣಿಕತೆ ಕಂಪ್ಯೂಟರಿನ ಮುಂದೆ ಕೂರುವವನಿಗೂ ಬೇಕು. ಕೌಶಲದ ನಂಟೂ ಕಡಿದುಹೋಗಿಲ್ಲ. ಜಕಾರ್ಡ್ ಮಗ್ಗದ ರಟ್ಟುಗಳನ್ನು ನೋಡಿ: ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಬಳಕೆಗೆ ತಂದ ಈ ಉಪಾಯವನ್ನೇ 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡರು. ಕಂಪ್ಯೂಟರಿನ ಅಜ್ಜ ಮಗ್ಗದ ಮನೆಯವನೇ!

ತಂದೆತಾಯಿಯರನ್ನು ಗೌರವಿಸು ಎಂಬುದು ದೇವರ ನಾಲ್ಕನೆಯ ಕಟ್ಟಳೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವೂ ತಂದೆತಾಯಿಗಳ ಸೇವೆಯನ್ನು, ಗುರುವಿನ ಗೌರವವನ್ನು, ಸತ್ಯವನ್ನು ಬೋಧಿಸುತ್ತದೆ. ಅಂದಿನಿಂದ ಎಷ್ಟೋ ಕಸುಬುಗಳು ಬಂದುಹೋದವು. ಈ ಪಾಠ ಹಳತಾಗಲಿಲ್ಲ.

ಪ್ರಿಯ ತಂದೆತಾಯಿಯರೇ, ಮಕ್ಕಳಿಗೆ ಕಂಪ್ಯೂಟರ್ ಖಂಡಿತ ಕಲಿಸಿರಿ. ಜೊತೆಗೆ ವಾರಕ್ಕೊಂದು ಗಂಟೆ ಅವರನ್ನು ನಿಮ್ಮ ಮಗ್ಗದ ಬಳಿ, ಹೊಲದಲ್ಲಿ, ಅಂಗಡಿಯಲ್ಲಿ ಕೂರಿಸಿಕೊಳ್ಳಿರಿ. ಅದೇ ಕಸುಬನ್ನು ಅವರು ಹಿಡಿಯಲೆಂದಲ್ಲ, ಅನ್ನ ಹೇಗೆ ಬಂತೆಂದು ಅರಿಯಲೆಂದು. ನಜರೇತಿನವರು "ಬಡಗಿಯ ಮಗ" ಎಂದು ಹೀಗಳೆದಾಗ ಯೇಸುಸ್ವಾಮಿ ಆ ಮನೆಯನ್ನು ಅಲ್ಲಗಳೆಯಲಿಲ್ಲ. ನಮ್ಮ ಮಕ್ಕಳೂ ಎಲ್ಲಿ ಕುಳಿತರೂ ನೇಕಾರನ ಮಗನೆಂದು ತಲೆಯೆತ್ತಿ ಹೇಳುವಂತಾಗಲಿ.